ದ್ವಾದಶಿಯ ಬೆಳಗಿನ ಸೂಜಿ

ಶ್ರೀಹರಿಗೆ ಮೊದಲ ನಮಸ್ಕಾರ. ನನ್ನ ಪತ್ನಿಯ ಉಸಿರನ್ನು ಉಳಿಸಿಕೊಟ್ಟವನಿಗೆ ಋಣಿಯಾಗಿದ್ದೇನೆ. ಇಷ್ಟು ಹೇಳಿ, ಮುಂದಿನದನ್ನು ಕೋಪದಿಂದಲೇ ಬರೆಯುತ್ತೇನೆ.

ಅವಳ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮಣಿಕೊಂಡದ ಆಸ್ಪತ್ರೆಯವರು ಕೊಟ್ಟ ದಿನ ದ್ವಾದಶಿ. ಹಿಂದಿನ ದಿನ ಏಕಾದಶಿ. ಅಂದು ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟುವುದಿಲ್ಲ, ಉಪವಾಸ ಬಿಡುವುದು ದ್ವಾದಶಿ ಬೆಳಗಿನ ಪಾರಣೆಯಲ್ಲೇ. ರೋಗಿಗಳಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆಯೆಂದು ತಿಳಿಹೇಳಿ ಎಳನೀರು ಕೊಟ್ಟೆ. ಜೊತೆಗಿರಲೆಂದು ಕುಷಾಯಿಗೂಡದಿಂದ ಬಂದಿದ್ದ ಅವಳ ಅಕ್ಕ ಬರಿದಾದ ಲೋಟವನ್ನು ಹೊರಗೆ ತಂದಿಟ್ಟರು. ನಂಬಿದೆ.

ಮುಂಜಾನೆ ಅರಿವಳಿಕೆಯ ವೈದ್ಯೆ, ತೆಲುಗಿನ ತರುಣಿ, ರಾತ್ರಿಯಿಂದ ಏನಾದರೂ ತಿಂದು ಕುಡಿದದ್ದುಂಟೇ ಎಂದು ವಿಚಾರಿಸಿದರು. ನನ್ನವಳು ಏನೂ ಇಲ್ಲವೆಂದಳು. ಆ ಉತ್ತರದ ಹಿಂದೆ ಇಡೀ ಹಗಲಿನ ಬಾಯಾರಿಕೆಯೂ ಇದೆಯೆಂದು ಆ ವೈದ್ಯೆ ಊಹಿಸುವುದಾದರೂ ಹೇಗೆ?

ಬಳಿಕ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ವೈದ್ಯೆಯ ಮುಖ ಬಾಡಿತ್ತು. ಬೆನ್ನಿಗೆ ಕೊಟ್ಟ ಮದ್ದು ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಹಿಡಿದ ನರಗಳನ್ನೂ ಮಲಗಿಸುತ್ತದಂತೆ. ನಾಳಗಳು ಸಡಿಲವಾಗಿ ರಕ್ತ ಕಾಲುಗಳಲ್ಲೇ ನಿಲ್ಲುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗಿ ಬಿ.ಪಿ. ಇಳಿಯುತ್ತದೆ. ಸಾಮಾನ್ಯವಾಗಿ ಬೇಗ ಸರಿಪಡಿಸಬಹುದು. ಆದರೆ ನೀರಿಲ್ಲದೆ ಬತ್ತಿದ ಈ ದೇಹದಲ್ಲಿ ಒತ್ತಡ ಕುಸಿದು, ಹೃದಯದ ಬಡಿತವೂ ತೀರ ನಿಧಾನವಾಗಿತ್ತು. ಕಾಲೆತ್ತಿ ಹಿಡಿದು, ಸಲೈನ್ ಹರಿಸಿ, ಔಷಧಿ ಕೊಟ್ಟು ಮರಳಿ ತಂದಿದ್ದರು. ನಿನ್ನೆ ಎಷ್ಟು ನೀರು ಕುಡಿದಿದ್ದರು ಎಂದು ಕೇಳಿದರು. ನಾನು ಅಕ್ಕನತ್ತ ತಿರುಗಿದೆ.

"ಎಳನೀರು ತುಳಸಿಗೆ ಹಾಕಿದೆವ್ರಿ. ಡಾಕ್ಟರು ರಾತ್ರಿದು ಕೇಳಿದ್ರು, ಇಲ್ಲ ಅಂದ್ಲು. ಅದರಾಗ ಸುಳ್ಳೇನದ, ರಾಯರ? ಹರಿ ಕಾದಾನಲ್ಲ."

ಇಷ್ಟು ವರ್ಷಗಳಲ್ಲಿ ಅವರೆದುರು ದನಿ ಏರಿಸಿದವನಲ್ಲ. ಅಂದು ಏರಿಸಿದೆ.

"ಕಾದಾನ್ರಿ, ಅಕ್ಕಾವ್ರ. ಆ ಹುಡುಗಿ ಕೈಲೆ ಕಾದಾನ. ನಾ ಕೊಟ್ಟ ಎಳನೀರಿನಾಗೂ ಅಂವನೇ ಇದ್ದ. ಅದನ್ನ ಕುಂಡದಾಗ ಸುರಿದ್ರಿ."

ಮಧ್ಯಾಹ್ನ ಗುಟುಕು ನೀರಿಗೆ ಅನುಮತಿ ಸಿಕ್ಕಿತು. ಕಣ್ತೆರೆದವಳು ಕೇಳಿದ್ದು ಒಂದೇ: "ಪಾರಣಿ ಹೊತ್ತು ಮೀರಿತೇನ್ರಿ?"

ಮೈಯೆಲ್ಲ ಉರಿದುಹೋಯಿತು. ಚಮಚದಲ್ಲಿ ನೀರು ಹಿಡಿದೆ. ಅಕ್ಕನ ಮುಖ ನೋಡಲು ಕತ್ತು ಹೊರಳಿಸಿದಳು. ನಾನು ಅಡ್ಡ ನಿಂತೆ. ಕುಡಿದಳು.

ಆ ತರುಣಿಗೆ ದೀರ್ಘಾಯುಸ್ಸಾಗಲಿ. ಕಾಲೆತ್ತಿ ಹಿಡಿದ ಕೈಗಳಿಗೆಲ್ಲ ಶುಭವಾಗಲಿ. ನನ್ನವಳು ಇನ್ನು ಬಾಯಾರಿದಾಗ ಕುಡಿಯಲಿ. ಅಕ್ಕನವರಿಗೂ ಒಳ್ಳೆಯದಾಗಲಿ, ನನ್ನ ಕೋಪ ಇನ್ನೂ ಇಳಿದಿಲ್ಲ, ಆದರೂ ಆಗಲಿ.