ಶಾಂತವಾಗಿದ್ದಾಳೆ, ಊಟ ಮಾಡಿದಳು

ಹೊಸದಾಗಿ ಕೆಲಸಕ್ಕೆ ಸೇರಿದ ಆಯಾಗಳಿಗೆ ಬೀಗದಕ್ಕ ಹೇಳುತ್ತಿದ್ದ ಮೊದಲ ಮಾತು, "ಮೂಗನ್ನ ಮನೇಲೇ ಬಿಟ್ಟು ಬನ್ನಿ. ಎರಡು ಕೈ ತಂದ್ರೆ ಸಾಕು."

ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಆಯಾ. ಸೊಂಟದಲ್ಲಿ ಹನ್ನೊಂದು ಬೀಗದ ಕೈಗಳ ಗೊಂಚಲು. ಸ್ನಾನದ ಕೋಣೆಯದು ಯಾವುದು, ಔಷಧದ ಕಪಾಟಿನದು ಯಾವುದು ಎಂದು ನೋಡದೆಯೇ ಬೆರಳಿಗೆ ತಿಳಿಯುತ್ತಿತ್ತು. ಎರಡನೇ ಮಗಳು ಹುಟ್ಟಿದ ವರ್ಷವೇ ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ. ಅವನ ಹೆಸರು ಹೇಳಿಕೊಂಡು ಅಳುವಷ್ಟು ಪುರುಸೊತ್ತು ಇವಳಿಗಿರಲಿಲ್ಲ. ಕಂಡವರ ಹೇಲು ಬಳಿದು, ವಾಂತಿ ಒರೆಸಿ, ಪರಚಿಸಿಕೊಂಡು, ಉಗುಳಿಸಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಹೇಸಿಗೆ ಎಂದರೆ ಏನೆಂದು ಅವಳಿಗೆ ಮರೆತೇಹೋಗಿತ್ತು. ಅದನ್ನು ನೆನಪಿಸಿದವಳು ಒಂಬತ್ತನೇ ಮಂಚದವಳು.

ಅವಳನ್ನು ಪೊಲೀಸರು ಕರೆತಂದಿದ್ದರು. ಒಂದು ಮಧ್ಯಾಹ್ನ ಅವಳು ಮೂರು ವರ್ಷದ ಮಗನನ್ನೂ ಆರು ತಿಂಗಳ ಮಗಳನ್ನೂ ಬಚ್ಚಲಿನ ನೀರಿನಲ್ಲಿ ಮುಳುಗಿಸಿದ್ದಳು. ಆಮೇಲೆ ಇಬ್ಬರ ಮೈಯನ್ನೂ ಒರೆಸಿ, ಒಗೆದ ಬಟ್ಟೆ ತೊಡಿಸಿ, ತಲೆ ಬಾಚಿ, ಹಾಸಿಗೆಯ ಮೇಲೆ ಅಕ್ಕಪಕ್ಕ ಮಲಗಿಸಿ, ಪಕ್ಕದ ಮನೆಯವಳನ್ನು ಕರೆದು ತೋರಿಸಿದ್ದಳು. "ಈಗ ಚೊಕ್ಕಟವಾಗಿದ್ದಾರೆ ನೋಡಿ," ಎಂದಿದ್ದಳಂತೆ.

ಕೊಂದವಳು ಅವಳೇ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೋರ್ಟಿಗೆ ಬೇಕಿದ್ದದ್ದು ಇನ್ನೊಂದು ಉತ್ತರ: ಮಾಡುತ್ತಿರುವುದು ತಪ್ಪು ಎಂದು ಆ ಹೊತ್ತಿನಲ್ಲಿ ಅವಳಿಗೆ ತಿಳಿದಿತ್ತೇ? ತಿಳಿದಿದ್ದರೆ ಅವಳು ಕೊಲೆಗಾತಿ, ನೇಣಿಗೂ ಹೋಗಬಹುದು. ಕಾಯಿಲೆಯಿಂದಾಗಿ ತಿಳಿಯದೆ ಹೋಗಿದ್ದರೆ ಅವಳ ಜಾಗ ಆಸ್ಪತ್ರೆ. ಅದಕ್ಕಾಗಿ ಮೂವತ್ತು ದಿನ ನಿಗಾದಲ್ಲಿಟ್ಟು ವರದಿ ಕೊಡಿ ಎಂದು ಆದೇಶವಾಗಿತ್ತು.

ಮೊದಲ ದಿನವೇ ಬೀಗದಕ್ಕ ಸ್ನಾನದ ಕೋಣೆಯಲ್ಲಿ ಅವಳ ರವಿಕೆ ಬಿಚ್ಚಿಸಿದಳು. ಎದೆ ಕಲ್ಲಾಗಿತ್ತು, ಬಟ್ಟೆ ಒದ್ದೆಯಾಗಿತ್ತು. ಮಗು ಮಣ್ಣು ಸೇರಿ ನಾಲ್ಕು ದಿನವಾದರೂ ಹಾಲು ಇಳಿಯುತ್ತಲೇ ಇತ್ತು. ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬೀಗದಕ್ಕ ಗೋಡೆ ಹಿಡಿದುಕೊಂಡು ವಾಕರಿಸಿದಳು. ಬೆಳಿಗ್ಗೆಯ ಚಹಾ ಗಂಟಲಿಗೆ ಬಂತು.

ಆ ಹೆಂಗಸು ಚರಂಡಿಯ ಮೇಲೆ ಬಗ್ಗಿ ಎರಡೂ ಕೈಯಿಂದ ಹಾಲು ಹಿಂಡುತ್ತಿದ್ದಳು. "ಇದರಲ್ಲೂ ಇದೆ ಅಕ್ಕಾ, ಕರೀದು. ಕಾಣಲ್ವಾ ನಿಮಗೆ? ಇದು ಕುಡಿದೇ ಅವರ ಒಳಗೆಲ್ಲ ಕೊಳೆತುಹೋಯ್ತು. ತೊಳೆದ್ರೆ ಹೋಗುತ್ತೆ ಅಂತ ಹೇಳ್ತಾನೇ ಇದ್ರು."

"ಯಾರು ಹೇಳ್ತಿದ್ರು?"

ಅವಳು ನಲ್ಲಿಯ ಕಡೆ ನೋಡಿದಳು. ಪೈಪಿಗೆ ಕಿವಿ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡಳು.

ಬೀಗದಕ್ಕ ಒಂದು ಹಳೆಯ ಬಟ್ಟೆಯನ್ನು ಅವಳತ್ತ ಎಸೆದು, "ಕಟ್ಟಿಕೋ," ಎಂದು ಹೊರಗೆ ಬಂದು ಬೀಗ ಹಾಕಿದಳು. ಅವತ್ತಿನಿಂದ ಒಂಬತ್ತನೇ ಮಂಚದ ಹತ್ತಿರ ಅವಳು ಹೋಗಲಿಲ್ಲ. ನಡುವೆ ಒಂದು ಮಂಚವಾದರೂ ಇರುವಂತೆ ನೋಡಿಕೊಂಡಳು.

ಆದರೆ ಚಾರ್ಟು ಬರೆಯುವ ಪಾಳಿ ಅವಳದೇ. ನಿಗಾದಲ್ಲಿರುವವರನ್ನು ಎರಡು ಗಂಟೆಗೊಮ್ಮೆ ಹೋಗಿ ನೋಡಿ, ಕಂಡದ್ದನ್ನು ಹಾಳೆಯ ಖಾನೆಯಲ್ಲಿ ಬರೆಯಬೇಕೆಂಬುದು ನಿಯಮ. ನಡೆಯುತ್ತಿದ್ದದ್ದು ಬೇರೆ. ದೊಡ್ಡ ಸಿಸ್ಟರು ಹತ್ತಕ್ಕೆ ಬಂದು ಸಹಿ ಹಾಕುತ್ತಾರೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಆಯಾಗಳು ಬೆಳಿಗ್ಗೆ ಚಹಾ ಕುಡಿಯುತ್ತ, ಹಿಂದಿನ ದಿನದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಇಡೀ ದಿನದ ಖಾನೆಗಳನ್ನು ಒಂದೇ ಉಸಿರಿಗೆ ತುಂಬಿಬಿಡುತ್ತಿದ್ದರು. ಕಿಟಕಿ ಒಡೆದರೆ, ಯಾರನ್ನಾದರೂ ಕಚ್ಚಿದರೆ ಮಾತ್ರ ಬೇರೆ ಬರೆಯುವುದು. ಸದ್ದಿಲ್ಲದವರಿಗೆಲ್ಲ ಒಂದೇ ಪಾಠ: ಶಾಂತವಾಗಿದ್ದಾಳೆ. ಊಟ ಮಾಡಿದಳು. ನಿದ್ರೆ ಚೆನ್ನಾಗಿದೆ.

ಒಂಬತ್ತನೇ ಮಂಚದವಳು ಸದ್ದು ಮಾಡುವವಳಲ್ಲ. ಅವಳ ತಟ್ಟೆ ದಿನವೂ ಖಾಲಿಯಾಗಿಯೇ ಬರುತ್ತಿತ್ತು. ಅದನ್ನು ಎಂಟನೇ ಮಂಚದ ಅಜ್ಜಿ ಬಳಿದು ತಿನ್ನುತ್ತಿದ್ದಳೆಂಬುದು ವಾರ್ಡಿಗೆಲ್ಲ ಗೊತ್ತಿತ್ತು, ಚಾರ್ಟಿಗೆ ಗೊತ್ತಿರಲಿಲ್ಲ.

ಮೂವತ್ತು ದಿನ ಕಳೆಯಿತು. ಅವಳನ್ನು ಜೈಲಿಗೆ ವಾಪಸು ಕಳುಹಿಸಿದರು. ಪೀಡೆ ತೊಲಗಿತು ಎಂದು ಬೀಗದಕ್ಕ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದಳು.

ಏಳು ತಿಂಗಳ ಮೇಲೆ ಬೀಗದಕ್ಕನ ಹೆಸರಿಗೆ ಕೋರ್ಟಿನಿಂದ ಸಮನ್ಸು ಬಂತು. ಈ ಹೆಂಗಸಿಗೆ ಮೊದಲ ಹೆರಿಗೆಯಿಂದಲೂ ಕಾಯಿಲೆಯಿದೆ, ಆ ದಿನ ಅವಳ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಸಾಕ್ಷಿ ಹೇಳಿದ್ದರು. ಸರ್ಕಾರಿ ವಕೀಲರು ಚಾರ್ಟಿನ ಕಟ್ಟನ್ನು ಮೇಜಿನ ಮೇಲಿಟ್ಟು ಕೇಳಿದ್ದರು: "ತಾವು ಅವಳನ್ನು ನೋಡಿದ್ದು ನಾಲ್ಕು ಸಲ. ನಿಮ್ಮದೇ ವಾರ್ಡಿನವರು ಮುನ್ನೂರಕ್ಕೂ ಹೆಚ್ಚು ಸಲ ನೋಡಿ ಬರೆದಿದ್ದಾರೆ. ಒಂದರಲ್ಲಾದರೂ ಹುಚ್ಚಿನ ಲಕ್ಷಣ ಇದೆಯೇ?" ಇಲ್ಲ ಎಂದು ಡಾಕ್ಟರು ಒಪ್ಪಿಕೊಳ್ಳಬೇಕಾಗಿ ಬಂದಿತ್ತು. ಈಗ ಬರೆದವಳು ಬಂದು, ಕೈಬರಹ ತನ್ನದೇ ಎಂದರೆ ಮುಗಿಯಿತು.

"ಹೌದು ಅಂದ್ಬಿಟ್ಟು ಬಾ," ಎಂದಳು ಜೊತೆಯ ಆಯಾ ಕುಳ್ಳಕ್ಕ, ಲೋಟಕ್ಕೆ ಚಹಾ ಸುರಿಯುತ್ತ. "ಕೈಬರಹ ನಿಂದೇ ತಾನೇ? ಅದೇನು ಸುಳ್ಳಾ?"

"ಬರೆದಿರೋದು ಸುಳ್ಳಲ್ವಾ?"

"ಚಾರ್ಟ್ ನೋಡಿದ್ರೆ ನಮ್ಮ ವಾರ್ಡಲ್ಲಿ ಇಪ್ಪತ್ತು ವರ್ಷದಿಂದ ಒಬ್ಬರಿಗೂ ಹುಚ್ಚಿಲ್ಲ. ಎಲ್ಲರೂ ಶಾಂತ. ಹುಚ್ಚು ಇರೋದು ಸಂಬಳ ಕೊಟ್ಟು ನಮ್ಮನ್ನ ಇಟ್ಕೊಂಡಿರೋರಿಗೆ." ಕುಳ್ಳಕ್ಕ ತನ್ನ ಮಾತಿಗೆ ತಾನೇ ನಕ್ಕು, ಆಮೇಲೆ ದನಿ ಇಳಿಸಿದಳು. "ಮಕ್ಕಳನ್ನ ಮುಳುಗಿಸಿದೋಳಿಗೋಸ್ಕರ ನಿನ್ನ ಅನ್ನಕ್ಕೆ ಕಲ್ಲು ಹಾಕ್ಕೋತೀಯಾ? ನಂದಕ್ಕೂ ಹಾಕ್ತೀಯಾ?"

ಬೀಗದಕ್ಕನಿಗೂ ಅದೇ ಸರಿ ಎನಿಸಿತ್ತು. ಅವಳು ಹೌದೆಂದು ಹೇಳಿ ಬರುವವಳೇ ಇದ್ದಳು, ಆ ಸಂಜೆ ಒಂಬತ್ತನೇ ಮಂಚದವಳ ಗಂಡ ಗೇಟಿನ ಬಳಿ ಕಾಯದೆ ಇದ್ದಿದ್ದರೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾಯಿಯ ಜೊತೆ ಬಂದಿದ್ದ. ಕೈಯಲ್ಲಿ ಒಂದು ಚೀಲ ಸೇಬು.

"ನೀವು ಬರೆದ ಹಾಳೆಗಳೇ ನಮಗೆ ಆಸರೆ ಅಕ್ಕಾ," ಎಂದ. "ಶಾಂತವಾಗಿದ್ಲು ಅಂತ ಬರೆದಿದ್ದೀರಲ್ಲ, ಅದೇ ಸತ್ಯ. ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ. ಹಟ ಅವಳಿಗೆ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ."

"ಮೊದಲ ಹೆರಿಗೆ ಆದಾಗಿಂದ ಮಾತ್ರೆ ತಗೋತಿದ್ಲಂತಲ್ಲ?"

ತಾಯಿ ಬಾಯಿ ಹಾಕಿದಳು. "ಹಾಲು ಕುಡಿಸೋಳು ಅಂಥ ಮಾತ್ರೆ ನುಂಗಿದ್ರೆ ಮಗೂಗೆ ಇಳಿಯಲ್ವೇನಮ್ಮ? ನಾನೇ ಬಿಡಿಸ್ದೆ. ನಾವೂ ಐದು ಹೆತ್ತಿಲ್ವಾ? ಎರಡು ತಿಂಗಳು ಚೆನ್ನಾಗೇ ಇದ್ಲು. ಆಮೇಲೆ ನೀರು ಮೂಸೋದು, ಹಾಲು ಚೆಲ್ಲೋದು, ನಾಟಕ ಶುರು ಮಾಡಿದ್ಲು. ಅವತ್ತು ಬೆಳಿಗ್ಗೆನೂ ಇವನ ಕೈ ಹಿಡ್ಕೊಂಡು, ನನ್ನೊಬ್ಬಳನ್ನೇ ಬಿಟ್ಟು ಹೋಗ್ಬೇಡಿ ಅಂತ—"

"ಅಮ್ಮಾ, ಸುಮ್ನಿರು," ಎಂದ ಮಗ. ಬೀಗದಕ್ಕನ ಕಡೆ ತಿರುಗಿ ನಕ್ಕ. "ವಯಸ್ಸಾಯ್ತು, ಏನೇನೋ ಮಾತಾಡ್ತಾಳೆ. ಹುಚ್ಚು ಅಂತ ತೀರ್ಪಾದ್ರೆ ಜನ ನಮ್ಮನ್ನ ಕೇಳ್ತಾರೆ, ಗೊತ್ತಿದ್ದೂ ಮಕ್ಕಳನ್ನ ಅವಳ ಹತ್ರ ಯಾಕೆ ಬಿಟ್ರಿ ಅಂತ. ನನಗೂ ಮುಂದೆ ಒಂದು ಬದುಕು ಬೇಕಲ್ಲ."

ಅವನು ಚೀಲ ಚಾಚಿದ. ಬೀಗದಕ್ಕ ಅವನ ಕೈ ನೋಡಿದಳು. ಉಗುರು ಕತ್ತರಿಸಿದ, ಸೋಪಿನ ವಾಸನೆಯ ಕೈ. ಆ ಬೆಳಿಗ್ಗೆ ಹೆಂಡತಿಯ ಹಿಡಿತ ಬಿಡಿಸಿಕೊಂಡ ಕೈ. ಇವನೂ ನೋಡಿದ್ದ. ನೋಡಿ, ಏನೂ ಇಲ್ಲ ಎಂದುಕೊಂಡು ಬಾಗಿಲೆಳೆದುಕೊಂಡು ಹೋಗಿದ್ದ. ಈಗ ಇವನು ತನಗೆ ಉಪಕಾರ ಹೇಳುತ್ತಿದ್ದಾನೆ. ಸ್ನಾನದ ಕೋಣೆಯಲ್ಲಿ ಬಂದಿದ್ದ ವಾಕರಿಕೆಯೇ ಮತ್ತೆ ಹೊಟ್ಟೆಯಿಂದ ಎದ್ದುಬಂತು.

"ಸೇಬು ವಾಪಸ್ ತಗೊಂಡು ಹೋಗಿ," ಎಂದಳು. "ಇಲ್ಲಿಟ್ರೆ ಕೊಳೆಯುತ್ತೆ."

ಮಾರನೆಯ ದಿನ ಅವಳು ಆಫೀಸಿನಲ್ಲಿ ಚಾರ್ಟಿನ ನಕಲು ಕೇಳಿ ಪಡೆದು, ನಿಂತೇ ಓದಿದಳು. ಹದಿನೇಳನೇ ದಿನದ ಹಾಳೆಗೆ ಬಂದಾಗ ಬೆರಳು ನಿಂತಿತು. ಆ ದಿನ ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸಲು ಕರೆದೊಯ್ದಿದ್ದರು. ಬೇರೆ ಆಯಾ ಸಿಗದೆ ಜೊತೆಗೆ ಹೋಗಬೇಕಾಗಿ ಬಂದವಳು ಬೀಗದಕ್ಕನೇ. ವ್ಯಾನಿನಲ್ಲಿ ಆ ಹೆಂಗಸು ಬಾಟಲಿಯ ನೀರು ಮೂಸಿ, ಚೀರಿ, ಉಟ್ಟ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಒರೆಸಿದವಳೂ ಇವಳೇ. ಹಾಳೆಯಲ್ಲಿ ಮಾತ್ರ, ಮಧ್ಯಾಹ್ನ ಎರಡು ಗಂಟೆಯ ಖಾನೆಯಲ್ಲಿ, ಇವಳದೇ ದುಂಡನೆಯ ಅಕ್ಷರ: ವಾರ್ಡಿನಲ್ಲಿ ಶಾಂತವಾಗಿದ್ದಾಳೆ. ಊಟ ಮಾಡಿದಳು.

ಹೊರಡುವ ಮೊದಲೇ ತುಂಬಿಟ್ಟು ಹೋಗಿದ್ದಳು. ಥೂ, ಎಂದುಕೊಂಡಳು. ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ಸರ್ಕಾರಿ ವಕೀಲರು ಕೇಳಿದರು, "ಈ ಬರಹ ನಿಮ್ಮದೇ?"

"ನಂದೇ."

"ಎರಡು ಗಂಟೆಗೊಮ್ಮೆ ನೋಡಿ ಬರೆದಿದ್ದೀರಿ?"

"ಇಲ್ಲ. ನೋಡದೇ ಬರೆದಿದ್ದೀನಿ."

ನ್ಯಾಯಾಧೀಶರು ತಲೆಯೆತ್ತಿದರು. ಬೀಗದಕ್ಕ ಕಟ್ಟೆಯ ಮರವನ್ನು ಹಿಡಿದುಕೊಂಡಳು. "ಹದಿನೇಳನೇ ದಿನದ ಹಾಳೆ ತೆಗೀರಿ ಸ್ವಾಮಿ. ಆ ಮಧ್ಯಾಹ್ನ ಎರಡು ಗಂಟೆಗೆ ಅವಳು ವಾರ್ಡಲ್ಲಿರಲಿಲ್ಲ, ಇದೇ ಕೋರ್ಟಿನ ವರಾಂಡದಲ್ಲಿದ್ಲು. ನಿಮ್ಮ ದಫ್ತರದಲ್ಲೇ ಇರುತ್ತೆ, ನೋಡಿ." ಆಮೇಲೆ ಹಾಲಿನ ವಿಷಯ, ಪೈಪಿನ ವಿಷಯ, ಅಜ್ಜಿ ಬಳಿದ ತಟ್ಟೆಯ ವಿಷಯ, ಎಲ್ಲವನ್ನೂ ಕಂಡದ್ದು ಕಂಡ ಹಾಗೆ ಹೇಳಿದಳು.

"ಅಂದರೆ ಇಪ್ಪತ್ತೆರಡು ವರ್ಷ ಸುಳ್ಳು ಬರೆದಿದ್ದೀರಿ," ಎಂದರು ವಕೀಲರು.

"ಸುಳ್ಳು ಅಂತ ಗೊತ್ತಿತ್ತು. ಯಾರಾದ್ರೂ ಓದ್ತಾರೆ ಅಂತ ಗೊತ್ತಿರಲಿಲ್ಲ."

"ಆರೋಪಿಯ ಮೇಲೆ ನಿಮಗೆ ಮರುಕ ಹುಟ್ಟಿದೆ. ಅದಕ್ಕೇ ಮಾತು ತಿರುಗಿಸುತ್ತಿದ್ದೀರಿ."

ಬೀಗದಕ್ಕ ಆರೋಪಿಯ ಜಾಗದಲ್ಲಿ ಕೂತಿದ್ದವಳ ಕಡೆ ನೋಡಿದಳು. ಜೈಲಿನ ಇಂಜೆಕ್ಷನ್ನಿನಿಂದ ಮುಖ ಊದಿಕೊಂಡಿತ್ತು. "ಮರುಕ ಇಲ್ಲ ಸ್ವಾಮಿ. ಅವಳ ಹತ್ರ ಹೋದ್ರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತೆ. ಅದಕ್ಕೇ ಆಗ ಹತ್ರ ಹೋಗಿ ನೋಡಲಿಲ್ಲ."

ತೀರ್ಪು ಬಂತು. ಮಕ್ಕಳನ್ನು ಕೊಂದವಳು ಅವಳೇ. ಆದರೆ ಅದು ತಪ್ಪೆಂದು ತಿಳಿಯುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆಯಲ್ಲಿಟ್ಟು ಚಿಕಿತ್ಸೆ ಕೊಡತಕ್ಕದ್ದು. ಅವಳು ಅದೇ ವಾರ್ಡಿಗೆ, ಅದೇ ಮಂಚಕ್ಕೆ ಬಂದಳು. ಬೀಗದಕ್ಕನ ಮೇಲೆ ವಿಚಾರಣೆ ನಡೆಯಿತು. ಮೂರು ತಿಂಗಳ ಅಮಾನತು, ಆಮೇಲೆ ಕೆಳಗಿನ ದರ್ಜೆಗೆ ಇಳಿಸಿ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಬೀಗದ ಕೈಗಳು ಕುಳ್ಳಕ್ಕನ ಸೊಂಟಕ್ಕೆ ಹೋದವು. ಕುಳ್ಳಕ್ಕ ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ದೊಡ್ಡ ಸಿಸ್ಟರು ಎರಡು ಗಂಟೆಗೊಮ್ಮೆ ಗಂಟೆ ಬಾರಿಸುವ ಏರ್ಪಾಟು ಮಾಡಿದರು. ಗಂಟೆ ಹೊಡೆಯುತ್ತಿತ್ತು, ಹಾಳೆ ಬೆಳಿಗ್ಗೆಯೇ ತುಂಬಿರುತ್ತಿತ್ತು.

ಮಾತ್ರೆ, ಇಂಜೆಕ್ಷನ್ನು ಹಿಡಿಯಿತು. ಏಳೆಂಟು ತಿಂಗಳಲ್ಲಿ ಒಂಬತ್ತನೇ ಮಂಚದವಳು ಉಣ್ಣತೊಡಗಿದಳು, ನೀರು ಕುಡಿಯತೊಡಗಿದಳು. ಕೈಗೆ ಕೆಲಸವಿರಲಿ ಎಂದು ಡಾಕ್ಟರು ಅವಳನ್ನು ಮಧ್ಯಾಹ್ನದ ಹೊತ್ತು ಬಟ್ಟೆ ಮಡಚಲು ಕೆಳಗೆ ಕಳುಹಿಸಿದರು. ಬೀಗದಕ್ಕ ಮೇಜಿನ ಆ ತುದಿಯಲ್ಲಿ, ಅವಳು ಈ ತುದಿಯಲ್ಲಿ. ವಾರಗಟ್ಟಲೆ ಇಬ್ಬರ ನಡುವೆ ಮಾತಿಲ್ಲ.

ಒಂದು ದಿನ ಅವಳು ಮಡಚುತ್ತಿದ್ದ ಹೊದಿಕೆ ಬಿಟ್ಟು ನಿಂತಳು.

"ಅಕ್ಕಾ, ತಪ್ಪು ಅಂತ ನನಗೆ ಗೊತ್ತಿರಲಿಲ್ಲ ಅಂತ ಬರೆದಿದ್ದಾರಂತೆ ಕೋರ್ಟಲ್ಲಿ."

"ಹೂಂ."

"ಈಗ ಗೊತ್ತಾಗಿದೆ. ನಿನ್ನೆಯಿಂದ ಎಲ್ಲಾ ಗೊತ್ತಾಗ್ತಿದೆ. ಅವನು ಅಮ್ಮಾ ಬೇಡ ಅಂದಿದ್ದು ಕೂಡ. ಈಗ ಯಾರಿಗೆ ಹೇಳ್ಬೇಕು?"

ಎದುರಿಗೆ ನಿಂತವಳ ಕಣ್ಣು ಹೊದಿಕೆಯ ಮೇಲಿಲ್ಲ, ಬಟ್ಟೆ ಒಣಹಾಕುವ ಹಗ್ಗದ ಮೇಲಿದೆ ಎಂಬುದನ್ನು ಬೀಗದಕ್ಕ ನೋಡಿದಳು. ಓಡಿಹೋಗಬೇಕೆನಿಸಿತು. ಹೋಗಿ ಅವಳ ಮುಂಗೈ ಹಿಡಿದಳು. ತಣ್ಣಗೆ, ಬೆವರಿನಿಂದ ಜಿಗುಟಾಗಿದ್ದ ಕೈ. ಹಾಗೇ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿ, ತಾನು ಕಾಲಿಡಬಾರದೆಂದು ವಿಚಾರಣೆಯಲ್ಲಿ ಆದೇಶವಾಗಿದ್ದ ವಾರ್ಡಿಗೆ ಹೋದಳು.

ಕುಳ್ಳಕ್ಕನ ಮುಂದೆ ಆ ದಿನದ ಚಾರ್ಟು ಇತ್ತು, ಕೊನೆಯ ಖಾನೆಯವರೆಗೂ ತುಂಬಿತ್ತು.

"ಡಾಕ್ಟರಿಗೆ ಫೋನ್ ಮಾಡಿಸು. ಅವರು ಬರೋವರೆಗೂ ಇವಳನ್ನ ಒಬ್ಬಳನ್ನೇ ಬಿಡ್ಬೇಡ. ಆಮೇಲೆ ಇವಳು ಹೇಳೋದನ್ನ ಇವಳು ಹೇಳಿದ ಹಾಗೇ ಬರಿ."

"ನೀನ್ಯಾರು ನನಗೆ ಹೇಳೋಕೆ? ಖಾಲಿ ಜಾಗ ಎಲ್ಲಿದೆ ಇದರಲ್ಲಿ?"

"ಎಲ್ಲಾ ಹೊಡೆದುಹಾಕು. ಹಿಂದೆ ತಿರುಗಿಸಿ ಬರಿ."

ಕುಳ್ಳಕ್ಕ ಇಬ್ಬರ ಮುಖವನ್ನೂ ನೋಡಿದಳು. ಫೋನ್ ಮಾಡಲು ಹೇಳಿಬಂದು, ಗೊಣಗುತ್ತಲೇ ಹಾಳೆ ತಿರುಗಿಸಿ ಪೆನ್ನು ತೆಗೆದಳು. ಅವಳು ಬರೆದು ಮುಗಿಸುವವರೆಗೂ ಬೀಗದಕ್ಕ ಆ ಜಿಗುಟು ಕೈಯನ್ನು ಹಿಡಿದುಕೊಂಡೇ ನಿಂತಿದ್ದಳು.