ನಾನು ಕೂತೆ, ಕೆಂಪ ನಿಂತ

ನನ್ನ ಮೊಮ್ಮಗಳು ಬಿಂದುವಿಗೆ ಮೂರನೇ ಬಹುಮಾನ ಬಂತು! ಅದೂ ಮೈಸೂರಿನಲ್ಲಿ, ದೊಡ್ಡ ದೊಡ್ಡ ಕುದುರೆಗಳ ನಡುವೆ, ನಮ್ಮ ಗಿಡ್ಡ ಕೆಂಪನ ಮೇಲೆ ಕೂತು! ಎಷ್ಟೋ ವರ್ಷವಾಯಿತು, ಹೇಳಲು ಹೊರಟರೆ ಈಗಲೂ ಬಾಯಿ ತಡವರಿಸುತ್ತದೆ. ನಾನು ಮೂರನೇ ಕ್ಲಾಸು ಓದಿದವನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅದು ವಯನಾಡಿನಲ್ಲಿ ಭೂಮಿಗಾಗಿ ಹೋರಾಟ ಜೋರಾಗಿದ್ದ ವರ್ಷ. ಕಾಡಿನಲ್ಲಿ ನಕ್ಸಲರಿದ್ದಾರೆ ಅಂತ ದಾರಿಗೊಂದು ಪೊಲೀಸ್ ಜೀಪು. ನಾವು ಚೇಕಾಡಿಯಲ್ಲಿ ಗದ್ದೆ ಮಾಡುವವರು. ಕೆಂಪ ಮೆಣಸಿನ ಮೂಟೆ ಹೊರುವ ನಾಡ ತಟ್ಟು ಕುದುರೆ. ಸುಗ್ಗಿಯಲ್ಲಿ ಕಣದಲ್ಲಿ ಭತ್ತ ತುಳಿಸಲೂ ಅವನನ್ನೇ ಸುತ್ತಿಸುತ್ತಿದ್ದೆ. ಮೂಟೆ ಹೊರಲು ಜೀಪು ಬಂದ ಮೇಲೆ ನನ್ನ ಮಗ, "ಇನ್ನು ಇದನ್ನು ಮಾರಿಬಿಡೋಣ ಅಪ್ಪಾ" ಅನ್ನತೊಡಗಿದ.

ಬಿಂದು ಅತ್ತಳು. ಮುಳ್ಳನ್ಕೊಲ್ಲಿಯ ರಿಟೈರಾದ ಮಿಲಿಟರಿ ಸಾರ್ ಒಬ್ಬರು ಅವಳಿಗೆ ಡ್ರೆಸ್ಸಾಜ್ ಅನ್ನುವ ಕುದುರೆ ಸವಾರಿ ಕಲಿಸುತ್ತಿದ್ದರು. ಮೈಸೂರಿನ ಪಂದ್ಯದಲ್ಲಿ ಬಹುಮಾನ ತಂದರೆ ಮಾರುವುದಿಲ್ಲ ಅಂತ ಮಗ ಒಪ್ಪಿದ.

"ಓಟವಲ್ಲ ಅಜ್ಜಾ," ಅಂದರು ಸಾರ್. "ಹೇಳಿದ ಹಾಗೆ ನಡೆಯಬೇಕು, ಹೇಳಿದಲ್ಲಿ ನಿಲ್ಲಬೇಕು."

"ಅಷ್ಟಕ್ಕೇ ಬಹುಮಾನವೋ? ಹಾಗಾದರೆ ನನ್ನ ಎತ್ತುಗಳೇನು ಪಾಪ ಮಾಡಿದ್ದವು ಸಾರ್?"

ನಮ್ಮ ಕಣದಲ್ಲೇ ಅಭ್ಯಾಸ. ಎಂದಿನ ಹಾಗೆ ನಾನು ನಡುವೆ ನಿಂತಿರುತ್ತಿದ್ದೆ.

ಪಂದ್ಯದ ದಿನ ಪಿಕಪ್ಪಿನಲ್ಲಿ ಕೆಂಪನನ್ನು ಹತ್ತಿಸಿಕೊಂಡು ಬೆಳಕು ಹರಿಯುವ ಮೊದಲೇ ಹೊರಟೆವು. ಗಡಿಯ ಬಾವಲಿಯಲ್ಲಿ ಪೊಲೀಸರು ತಡೆದರು. "ಕಾಡಿನವರಿಗೆ ಅಕ್ಕಿ ಹೊರೋಕೆ ತಾನೇ?"

"ಅಲ್ಲ ಸಾರ್, ಚಂದ ನಡೆಯೋಕೆ."

"ಚಂದ ನಡೆಯೋಕೆ ಮೈಸೂರಿಗೋ? ಹುಲ್ಲು ಇಳಿಸು, ನೋಡೋಣ." ಹುಲ್ಲೆಲ್ಲ ಕೆದಕಿ ನೋಡಿ ಬಿಟ್ಟರು.

ಮೈದಾನದಲ್ಲಿ ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಬಿಂದು ಒಳಗೆ ಬಂದಳು. ಸ್ವಲ್ಪ ನಡೆದ ಕೆಂಪ ನನ್ನನ್ನು ನೋಡಿ ನಿಂತೇಬಿಟ್ಟ. ಅವಳು ಹಿಮ್ಮಡಿ ಒತ್ತಿದಳು. ಊಹೂಂ. ಹಿಂದಿನಿಂದ ಯಾರೋ, "ಕುದುರೆ ಬದಲು ಕತ್ತೆ ತಂದಿದ್ದಾರೆ" ಅಂದರು.

ನನಗೆ ತಲೆ ಕೆಟ್ಟಿತು. ಏನಾಯಿತು ಇವನಿಗೆ? ಆಮೇಲೆ ಹೊಳೆಯಿತು. ಕಣದಲ್ಲಿ ನಾನು ಎಲೆ ಅಡಿಕೆಗೆ ಕೂತಾಗಲೇ ಅವನಿಗೆ ವಿರಾಮ! ತಟ್ಟನೆ ಎದ್ದೆ. ಕೆಂಪ ಹೊರಟ.

"ತಾತಾ, ಕೂತ್ಕೊಳ್ಳಿ," ಅಂದಳು ಅಲ್ಲಿದ್ದ ಹುಡುಗಿ.

"ಕೂತರೆ ಕುದುರೆ ನಿಲ್ಲುತ್ತಮ್ಮಾ."

ಅವಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. ನಾನು ಕೂರಲಿಲ್ಲ. ಕೊನೆಗೆ ಬಿಂದು ಕುದುರೆ ನಿಲ್ಲಿಸಬೇಕಾದ ಜಾಗಕ್ಕೆ, ಮೈದಾನದ ನಡುವಿಗೆ, ಬರುವ ಹೊತ್ತಿಗೆ ನಿಂತು ನಿಂತು ಸಾಕಾಗಿ ಕುರ್ಚಿಯಲ್ಲಿ ಕೂತುಬಿಟ್ಟೆ. ಕೆಂಪ ಗೂಟ ಹೊಡೆದ ಹಾಗೆ ನಿಂತ. ಆ ನಿಲುವಿಗೇ ಚಪ್ಪಾಳೆ ಬಿತ್ತು.

ಬಹುಮಾನ ಅಂದಾಗ ನನಗೆ ಖುಷಿಯೋ ಭಯವೋ ತಿಳಿಯಲಿಲ್ಲ. ಅಂಕ ಹಾಕುವ ಅಮ್ಮನ ಹತ್ತಿರ ಹೋಗಿ, "ಅವನು ನಿಂತದ್ದು ನಾನು ಕೂತದ್ದಕ್ಕೆ. ಮೋಸ ಆಯಿತೇ ಅಮ್ಮಾ?" ಅಂದೆ.

ಅವರು ನಕ್ಕರು. "ಮೊದಲು ನಿಂತದ್ದಕ್ಕೆ ಅಂಕ ಕಳೆದಿದ್ದೀನಿ ಯಜಮಾನ್ರೇ. ನೋಡೋಕೆ ಬಂದವರು ಕೂರಬಾರದು ಅಂತ ಎಲ್ಲೂ ಬರೆದಿಲ್ಲ."

"ನಿಲ್ಲಿಸಿದ್ದು ನಾನೇ, ಅಜ್ಜಾ!" ಅಂತ ಬಿಂದು ಸಿಡುಕಿದಳು. "ಲಗಾಮು ಹಿಡಿದವಳು ನಾನಲ್ಲವಾ?"

ಇರಬಹುದು. ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಸಂಜೆ ಮನೆಯ ಜಗಲಿಯಲ್ಲಿ ಎಲ್ಲರಿಗೂ ಊಟಕ್ಕೆ ಎಲೆ ಹಾಕಿದರು, ಕೋಳಿ ಸಾರು. ಮಗ ತಾನೇ ಒಂದು ಹೊರೆ ಹಸಿ ಹುಲ್ಲು ತಂದು ಅಂಗಳಕ್ಕೆ ಹಾಕಿ, ಕೈ ತೊಳೆದು ಬಂದ. ಕೆಂಪ ಹುಲ್ಲಿನ ಕಡೆ ಹೊರಟಿದ್ದ. ನಾನು ಊಟಕ್ಕೆ ಕೂತೆ. ಅವನು ಅರ್ಧ ದಾರಿಯಲ್ಲೇ ನಿಂತ.

ಬಿಂದು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ.