ದೊಡ್ಡವ್ವನ ಹೊಂಡದ ಆಮೆಗಳು

ಮೊನ್ನೆ ಸಿಂಧನೂರಿನ ಕಾಲುವೆಯ ತೂಬಿನ ಬಳಿ ಬಸ್ಸು ಕೆಟ್ಟು ನಿಂತಾಗ, ನೀರಿನ ಮೇಲೆ ತೇಲಿ ಕೊಳೆತ ಅಂತರಗಂಗೆ ಸೊಪ್ಪಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ನನಗೆ ಹಳೆಯ ಪರಿಚಯ...

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು. ಕಾಲುವೆ ಇನ್ನೂ ಬಂದಿರಲಿಲ್ಲ, ನೀರೆಂದರೆ ಬಾವಿ. ನಾನು ಮಸ್ಕಿ ಹತ್ತಿರದ ಹಳ್ಳಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದೆ. ಪಕ್ಕದ ಹೊಲದ ವಿಧವೆ ಊರಿಗೆಲ್ಲ ದೊಡ್ಡವ್ವ. ಕಲ್ಲು ಕಟ್ಟಿದ ಹೊಂಡದಲ್ಲಿ ಆಮೆ ಸಾಕುತ್ತಿದ್ದಳು. ಹೊಸ ಬಾವಿ ತೋಡಿದವರು ನೀರು ತಿಳಿಯಾಗಿರಲೆಂದು ಒಂದು ಆಮೆ ಬಿಡುವುದು ಆಗಿನ ರೂಢಿ. ಬಳಗಾನೂರಿನಿಂದಲೂ ಬುಟ್ಟಿ ಹಿಡಿದು ಬರುತ್ತಿದ್ದರು.

“ಹೆಣ್ಣು ಕೊಟ್ಟಂಗ ಕೊಡಾಕತ್ತೀನಿ,” ಎನ್ನುತ್ತಿದ್ದಳು ಅವರಿಗೆ. “ಉಪಾಸ ಕೆಡವಿದ್ರ ವಾಪಸ್ ಕರಕೊಂಡ ಬರ್ತೀನಿ.” ಆಮೇಲೆ ನನ್ನತ್ತ ತಿರುಗಿ, “ನಿಮ್ಮವ್ವನೂ ಹಿಂಗ ಹೇಳಿ ಕಳಿಸ್ಯಾಳಿಲ್ಲ ಬೇ? ಉಂಡೇನು?”

ನಾನು ಉಂಡೆನೇ ಎಂದು ಆ ಊರಿನಲ್ಲಿ ಕೇಳುತ್ತಿದ್ದವಳು ಆಕೆಯೊಬ್ಬಳೇ.

ಅವಳ ಮಗ ನಿಜಾಮನ ವಿರುದ್ಧ ಹೋರಾಡುವವರ ಹೊಳೆಯಾಚೆಯ ಶಿಬಿರ ಸೇರಿದ. ಅವನನ್ನು ಹುಡುಕಿಕೊಂಡು ನಿಜಾಮನ ಕಡೆಯ ಬಂದೂಕಿನವರು ಬಂದುಹೋದ ಮರುದಿನ ದೊಡ್ಡವ್ವ ಊರು ಬಿಟ್ಟು ಮಗನಿದ್ದಲ್ಲಿಗೆ ಹೊರಡಲು ಗಂಟು ಕಟ್ಟಿದಳು. ಹೊಂಡದಲ್ಲಿ ಹನ್ನೊಂದು ಆಮೆಗಳಿದ್ದವು.

“ಹಳ್ಳದ ಮಡುವಿನಾಗ ಅಂತರಗಂಗಿ ಅದ. ದಿನಾ ಒಂದ ಬುಟ್ಟಿ, ಜಾಸ್ತಿ ಬ್ಯಾಡ. ತಿಂದು ಬಿಟ್ಟದ್ದ ಸಂಜೀಕ ತೆಗಿ. ಕೊಳತ್ರ ಅವು ಉಳಿಯಂಗಿಲ್ಲ.”

“ನಾ ನೋಡ್ಕೋತೀನಿ ದೊಡ್ಡವ್ವ. ನೀವ್ ಹೋಗ್ರಿ.”

ಕೆಲವು ದಿನ ಹಾಗೇ ಮಾಡಿದೆ. ಆಮೇಲೆ ಹಳ್ಳದ ದಾರಿಯಲ್ಲಿ ಬಂದೂಕಿನವರು ಕೂರತೊಡಗಿದರು. ಹೆದರಿದೆ. ಗಂಡನಿಗೆ ಹೇಳಿ ಒಂದು ಬಂಡಿ ತುಂಬ ಅಂತರಗಂಗೆ ತರಿಸಿ ಒಮ್ಮೆಲೇ ಹೊಂಡಕ್ಕೆ ಸುರಿಸಿದೆ. ಹೊಟ್ಟೆತುಂಬ ತಿನ್ನಲಿ ಎಂದುಕೊಂಡು ಮನೆಯ ಕದ ಹಾಕಿಕೊಂಡೆ. ಒಂಬತ್ತು ದಿನ ಎನ್ನುತ್ತದೆ ನನ್ನ ನೆನಪು. ಕಡಿಮೆ ಹೇಳುವುದು ಅದರ ಅಭ್ಯಾಸ, ಇಪ್ಪತ್ತೂ ಆಗಿರಬಹುದು. ಹೋಗಿ ನೋಡಿದರೆ ನೀರು ಕಪ್ಪಾಗಿ ನಾರುತ್ತಿತ್ತು. ಗೋಡೆ ಹತ್ತಲಾಗದೆ ಹನ್ನೊಂದೂ ಅದರಲ್ಲೇ ಸತ್ತಿದ್ದವು. ಬೇವಿನ ಬುಡದಲ್ಲಿ ಹೂತೆ. ಗಂಡನಿಗೂ ಹೇಳಲಿಲ್ಲ.

ರಾಜ್ಯ ಬದಲಾದ ಮೇಲೆ ದೊಡ್ಡವ್ವ ಒಬ್ಬಳೇ ಮರಳಿದಳು. ಮಗ ಶಿಬಿರದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಮನೆಗೂ ಹೋಗದೆ ನೆಟ್ಟಗೆ ಹೊಂಡಕ್ಕೆ ಬಂದಳು. ನಾನು ಓಡಿಹೋಗಿ ಪಕ್ಕದಲ್ಲಿ ನಿಂತೆ.

“ಎಲ್ಲ್ಯದಾವ ಬೇ ಅವು?”

“ಬಂದೂಕಿನವ್ರು ಒಯ್ದ್ರು, ದೊಡ್ಡವ್ವ. ಕೊಯ್ದು ತಿಂದ್ರಂತ.”

ಆಗ ಅವರ ಮೇಲೆ ಏನು ಹೇಳಿದರೂ ಜನ ನಂಬುತ್ತಿದ್ದರು. ಅವಳೂ ನಂಬಿದಳು. ಶಪಿಸುತ್ತಾಳೆಂದು ಕಾದೆ. ಅವಳು ಹೊಂಡದ ಕಲ್ಲಿನ ಮೇಲೆ ಕುಳಿತಳು.

“ಹಸದಿದ್ರೇನೋ... ಅವ್ರೂ ಯಾರದೋ ಮಕ್ಕಳು,” ಎಂದಳು. ಆಮೇಲೆ ನನ್ನ ಕೈ ಹಿಡಿದು, “ನಿನಗೇನೂ ಮಾಡ್ಲಿಲ್ಲಲ್ಲ?”

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದಿದ್ದೆ ಎಂದು ನೆನಪಾಗುತ್ತದೆ... ಅದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಅವಳು ಮತ್ತೆ ಆಮೆ ತರಲಿಲ್ಲ. ಲಿಂಗಸುಗೂರಿನ ತಂಗಿಯ ಮನೆಗೆ ಹೋಗಿ ಅಲ್ಲೇ ತೀರಿಕೊಂಡಳು. ಆಮೇಲೂ ಕೆಲವು ವರ್ಷ ಜನ ಬುಟ್ಟಿ ಹಿಡಿದು ಬರುತ್ತಿದ್ದರು. ಇಲ್ಲವೆಂದು ಹೇಳಿ ಕಳಿಸುವ ಕೆಲಸ ನನ್ನದಾಯಿತು.

ಈಗ ಹೊಂಡದ ಜಾಗದಲ್ಲಿ ಭತ್ತದ ಗದ್ದೆ. ನಿನ್ನೆ ಮೊಮ್ಮಗಳು ಗೆಳತಿಗೆ ಹೇಳುತ್ತಿದ್ದಳು: “ನಮ್ಮೂರ ದೊಡ್ಡವ್ವನ ಆಮಿ ಎಲ್ಲಾ ಬಂದೂಕಿನವ್ರು ತಿಂದ್ರಂತ. ನಮ್ಮಜ್ಜಿ ಕಣ್ಣಾರೆ ನೋಡ್ಯಾಳ.”

ನಾನು ಅಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದೆ. ಹುಡುಗಿಯರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.